ಏನೂ ಆಗಲಿಲ್ಲ

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಏನು ಕೆಲಸ ಎಂದು ಕೇಳಿದರೆ ನಾನು "ಪಂಪು ನೋಡ್ಕೊಳ್ಳೋ ಕೆಲಸ" ಅನ್ನುತ್ತೇನೆ. ಎರಡನೇ ಸಲ ಪಲ್ಯ ಬರುವಷ್ಟರಲ್ಲಿ ಅವರ ತೋಟದ ಬೋರ್‌ವೆಲ್ಲಿನ ಕಥೆ ಶುರುವಾಗಿರುತ್ತದೆ: ಮೋಟಾರು ಎಷ್ಟು ಸಲ ಸುಟ್ಟಿತು, ರಾತ್ರಿ ವೋಲ್ಟೇಜು ಎಷ್ಟಿರುತ್ತದೆ, ಯಾವ ರಿವೈಂಡಿಂಗ್‌ನವನು ತಾಮ್ರದ ಬದಲು ಅಲ್ಯೂಮಿನಿಯಂ ಸುತ್ತಿಕೊಟ್ಟ. ನಾನು ಆಸಕ್ತಿಯಿಂದಲೇ ಕೇಳುತ್ತೇನೆ. ಪಂಪು ಎಂದರೆ ನಮ್ಮಲ್ಲಿ ನೀರು. ನನ್ನ ಪಂಪುಗಳೊಳಗೆ ಹರಿಯುವುದು ನೀರಲ್ಲ ಎಂದು ಹೇಳಿ ಅವರ ಮಾತಿನ ಓಘ ಕೆಡಿಸುವುದಿಲ್ಲ.

ಅಲ್ಲಿ ಹರಿಯುವುದು ಎಥೆನಾಲ್. ಕಬ್ಬು ನುರಿಸಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ, ಭಟ್ಟಿ ಇಳಿಸಿ, ಅದರಲ್ಲಿ ಉಳಿದ ನೀರನ್ನೂ ತೆಗೆದರೆ ಸಿಗುವ ದ್ರವ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ಹೋದವರು ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಎತ್ತರದ ಉಕ್ಕಿನ ಕಂಬಗಳನ್ನೂ ದುಂಡನೆಯ ಟ್ಯಾಂಕುಗಳನ್ನೂ ನೋಡಿರುತ್ತೀರಿ. ಅದೇ ಡಿಸ್ಟಿಲರಿ. 2023ರ ಫೆಬ್ರುವರಿಯಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ. ಅಂದರೆ ನಿಮ್ಮ ಸ್ಕೂಟರಿನ ಟ್ಯಾಂಕಿನಲ್ಲಿ ಈಗ ಐದರಲ್ಲೊಂದು ಪಾಲು ಇಂಥದ್ದೊಂದು ಪಂಪನ್ನು ದಾಟಿಯೇ ಬಂದಿರಬಹುದು.

ಎಥೆನಾಲ್ ನೋಡಲು ನೀರಿನಂತೆಯೇ ಇರುತ್ತದೆ. ಮೊದಮೊದಲು ಅದರ ಮೇಲಿನ ಭಯ ಹೋಗಲು ಇದೇ ಕಾರಣ. ಆದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್ಸಿಗೇ ಅದು ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡತೊಡಗುತ್ತದೆ. ಘಟಪ್ರಭೆಯ ದಂಡೆಯಲ್ಲಿ ಮಾಗಿಯ ಚಳಿಯಲ್ಲೂ ಹಗಲು ಅಷ್ಟು ತಂಪಿರುವುದಿಲ್ಲ. ಆವಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಮೇಲೆ ಹಾರಿಹೋಗುವುದಿಲ್ಲ, ನೆಲ ಹಿಡಿದು ಸಾಗುತ್ತದೆ, ಕೇಬಲ್ ಕಾಲುವೆಗೆ ಇಳಿದು ಕೂರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 3.3ಕ್ಕಿಂತ ಕಡಿಮೆಯಿದ್ದರೆ ಹೊತ್ತುವುದಿಲ್ಲ, ಶೇ. 19ಕ್ಕಿಂತ ಹೆಚ್ಚಿದ್ದರೂ ಹೊತ್ತುವುದಿಲ್ಲ. ಈ ಎರಡರ ನಡುವೆ ಒಂದು ಕಿಡಿ ಸಾಕು. ಹೊತ್ತಿದರೂ ಹಗಲ ಬೆಳಕಿನಲ್ಲಿ ಅದರ ನೀಲಿ ಜ್ವಾಲೆ ಸರಿಯಾಗಿ ಕಾಣುವುದಿಲ್ಲ. ಬಿಸಿ ತಾಗಿದ ಮೇಲೆ ಬೆಂಕಿ ಇರುವುದು ಗೊತ್ತಾಗುತ್ತದೆ.

ಇಂಥ ಜಾಗದಲ್ಲಿ ನಿಲ್ಲಿಸುವ ಪಂಪಿಗೂ ಅದನ್ನು ತಿರುಗಿಸುವ ಮೋಟಾರಿಗೂ ನಿಯಮಗಳಿವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಓದಿಸಿದ್ದು 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಂ. ಸ್ಫೋಟಿಸಬಲ್ಲ ಅನಿಲ ಅಥವಾ ದೂಳು ಹುಟ್ಟುವ ಕಡೆ ಯಂತ್ರವನ್ನು ಮುಚ್ಚಿಡಬೇಕು, ಅನಿಲ ಸೇರಿಕೊಳ್ಳದಂತೆ ನೋಡಿಕೊಳ್ಳಬೇಕು, ಕಿಡಿಯ ಮೂಲಗಳನ್ನು ಹೊರಗಿಡಬೇಕು ಇಲ್ಲವೇ ಮುಚ್ಚಿಡಬೇಕು ಎಂದು ಅದು ಹೇಳುತ್ತಿತ್ತು. ಓದಿದಾಗ ಒಂದೇ ಮಾತನ್ನು ಮೂರು ಸಲ ಹೇಳಿದ ಹಾಗೆ ಅನಿಸಿತ್ತು. ಕೆಲಸ ಮಾಡುತ್ತಾ ಹೋದಂತೆ ಅದರ ತರ್ಕ ತಿಳಿಯಿತು. ಮೊದಲನೆಯದು ಕೈಕೊಡುತ್ತದೆ ಎಂದೇ ಎರಡನೆಯದು ಇದೆ. ಎರಡನೆಯದೂ ಕೈಕೊಡುತ್ತದೆ ಎಂದು ಮೂರನೆಯದು. ಈ ನಿಯಮಗಳು ಯಾರನ್ನೂ ಯಾವುದನ್ನೂ ಪೂರ್ತಿ ನಂಬುವುದಿಲ್ಲ. ಪಂಪು ಸೋರುತ್ತದೆ ಎಂದುಕೊಂಡೇ ಲೆಕ್ಕ ಶುರುಮಾಡುತ್ತವೆ.

ಜಾಗವನ್ನೂ ಹಾಗೆಯೇ ಭಾಗ ಮಾಡುತ್ತಾರೆ. ಟ್ಯಾಂಕಿನೊಳಗೆ ದ್ರವದ ಮೇಲಿನ ಖಾಲಿ ಜಾಗದಲ್ಲಿ ಆವಿ ಯಾವಾಗಲೂ ಇರುತ್ತದೆ, ಅದು ಝೋನ್ 0. ಟ್ಯಾಂಕಿನ ಉಸಿರುಕೊಳವೆಯ ಬಾಯಿಯಂಥ ಕಡೆ ಮಾಮೂಲಿ ಕೆಲಸದ ನಡುವೆಯೇ ಆಗಾಗ ಆವಿ ಬರಬಹುದು, ಅದು ಝೋನ್ 1. ಏನಾದರೂ ಕೆಟ್ಟಾಗ ಮಾತ್ರ, ಅದೂ ಸ್ವಲ್ಪ ಹೊತ್ತು ಆವಿ ಬರಬಹುದಾದ ಸುತ್ತಲಿನ ಜಾಗ ಝೋನ್ 2. ನಕ್ಷೆಯಲ್ಲಿ ಇವಕ್ಕೆ ಬೇರೆ ಬೇರೆ ಗೆರೆಗಳಿರುತ್ತವೆ. ನೆಲದ ಮೇಲೆ ಯಾವ ಗೆರೆಯೂ ಇರುವುದಿಲ್ಲ.

ಮೋಟಾರಿನ ಮೈಮೇಲೆ ಒಂದು ಲೋಹದ ಫಲಕ ಇರುತ್ತದೆ. ಅದರಲ್ಲಿ 'ಎಕ್ಸ್ ಡಿ', 'ಟಿ4' ಎಂಬಂಥ ಅಕ್ಷರಗಳು. ಎಕ್ಸ್ ಎಂದರೆ ಸ್ಫೋಟದ ಜಾಗಕ್ಕೆಂದೇ ಮಾಡಿದ್ದು. ಡಿ ಎಂದರೆ ಫ್ಲೇಮ್‌ಪ್ರೂಫ್. ಟಿ4 ಎಂದರೆ ಅದರ ಮೈ 135 ಡಿಗ್ರಿಗಿಂತ ಹೆಚ್ಚು ಬಿಸಿಯಾಗುವುದಿಲ್ಲ. ಟಿ1ಕ್ಕೆ 450 ಡಿಗ್ರಿ, ಟಿ6ಕ್ಕೆ ಬರೀ 85. ಕಿಡಿಯೇ ಬೇಕೆಂದಿಲ್ಲ, ಬಿಸಿಯಾದ ಕಬ್ಬಿಣವೂ ಆವಿಯನ್ನು ಹೊತ್ತಿಸಬಲ್ಲದು ಎಂಬ ಅರಿವಿನಿಂದ ಬಂದ ಅಂಕಿಗಳಿವು. ಪೆಟ್ರೋಲ್ ಡಿಪೊಗಳಲ್ಲಿ ಬಳಸುವ ಇಂಥ ವಿದ್ಯುತ್ ಸಾಧನಗಳಿಗೆ ಅನುಮೋದನೆ ಕೊಡುವುದು ನಾಗಪುರದಲ್ಲಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಎಲ್ಲರ ಬಾಯಲ್ಲಿ 'ಪೆಸೊ'. ಧನಬಾದಿನ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯಂಥ ಕಡೆ ಇವುಗಳ ಪರೀಕ್ಷೆ ನಡೆಯುತ್ತದೆ.

ಫ್ಲೇಮ್‌ಪ್ರೂಫ್ ಎಂದರೆ ಆವಿ ಒಳಗೆ ಹೋಗದಂತೆ ಭದ್ರವಾಗಿ ಮುಚ್ಚಿದ ಡಬ್ಬಿ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ನಿಜ ಬೇರೆ. ಆವಿ ಒಳಗೆ ಹೋಗುತ್ತದೆ. ಒಳಗೆ ಸ್ಫೋಟವೂ ಆಗಬಹುದು. ಆಗಲಿ ಎಂದೇ ಬಿಟ್ಟಿರುತ್ತಾರೆ. ಆದರೆ ಗೋಡೆ ಅದನ್ನು ತಡೆದುಕೊಳ್ಳುವಷ್ಟು ದಪ್ಪವಿರುತ್ತದೆ. ಮುಚ್ಚಳ ಮತ್ತು ಮೈ ಸೇರುವ ಕಡೆ ಕೂದಲೆಳೆಯಂಥ ಸಂದು ಇರುತ್ತದೆ. ಬಿಸಿ ಅನಿಲ ಆ ಸಂದಿನಲ್ಲಿ ಲೋಹಕ್ಕೆ ಉಜ್ಜಿಕೊಂಡು ಹೊರಬರುವಷ್ಟರಲ್ಲಿ ತಣ್ಣಗಾಗಿ, ಹೊರಗಿನ ಆವಿಯನ್ನು ಹೊತ್ತಿಸುವ ಶಕ್ತಿ ಕಳೆದುಕೊಂಡಿರುತ್ತದೆ. ಇದರ ಬೀಜ ಹಳೆಯದು. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತರು. ಮೂರು ವರ್ಷದ ನಂತರ ಹಂಫ್ರಿ ಡೇವಿ ದೀಪದ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಸುತ್ತಿ, ಜ್ವಾಲೆ ಬಲೆಯ ಕಣ್ಣು ದಾಟುವಾಗ ತಣ್ಣಗಾಗುತ್ತದೆ ಎಂದು ತೋರಿಸಿದ. ನಮ್ಮ ಮೋಟಾರಿನ ಸಂದು ಆ ತಂತಿಬಲೆಯ ಮೊಮ್ಮಗ.

ಇದನ್ನು ನನಗೆ ಕೈಯಲ್ಲಿ ಮುಟ್ಟಿಸಿ ಕಲಿಸಿದವರು ನಮ್ಮ ಡಿಸ್ಟಿಲರಿಯ ಹಿರಿಯ ಫಿಟ್ಟರ್. ಎಲ್ಲರಿಗೂ ಅವರು ಕಾಕಾ. ಏಳನೇ ಇಯತ್ತೆಯವರೆಗೆ ಓದಿದವರು, ಗುತ್ತಿಗೆಯ ಮೇಲೆ ಇದ್ದವರು. ಮೋಟಾರಿನ ಟರ್ಮಿನಲ್ ಬಾಕ್ಸ್ ಮುಚ್ಚುವಾಗ ಬೋಲ್ಟುಗಳನ್ನು ಬಾಯಿಬಿಟ್ಟು ಎಣಿಸುತ್ತಿದ್ದರು. ಎಂಟಿರಬೇಕಾದಲ್ಲಿ ಏಳಿದ್ದರೆ ಅದು ಫ್ಲೇಮ್‌ಪ್ರೂಫ್ ಅಲ್ಲ, ಬರೀ ಭಾರದ ಡಬ್ಬಿ. ಸೇರುವ ಅಂಚುಗಳ ಮೇಲೆ ಉಗುರು ಆಡಿಸಿ ಗೀರು ಇದೆಯೇ ನೋಡುತ್ತಿದ್ದರು. ಹೊಸ ಹುಡುಗರು ಒಳ್ಳೆಯದೇ ಆಗಲಿ ಎಂದು ಆ ಅಂಚಿಗೆ ಬಣ್ಣ ಬಳಿಯುತ್ತಿದ್ದರು, ರಬ್ಬರ್ ಪಟ್ಟಿ ಇಡುತ್ತಿದ್ದರು, ಎಂ‑ಸೀಲ್ ಮೆತ್ತುತ್ತಿದ್ದರು. ಕಾಕಾ ಎಲ್ಲವನ್ನೂ ಕೆರೆಸಿ ಒರೆಸುತ್ತಿದ್ದರು. "ಮನಶ್ಯಾಗ ಉಸರ ಬಿಡಾಕ ಮೂಗ ಬೇಕೋ ಬ್ಯಾಡೋ? ಇದಕ್ಕ ಅದ ಮೂಗ. ಮುಚ್ಚಿದ್ರ ಹೊಟ್ಟಿ ಒಡೀತೈತಿ."

ಪಂಪಿನ ಕಡೆಯಿಂದ ಬರುವ ಅಪಾಯವನ್ನೂ ಅವರೇ ತೋರಿಸಿದರು. ನಮ್ಮಲ್ಲಿ "ಫ್ಲೇಮ್‌ಪ್ರೂಫ್ ಐತೇನು" ಎಂಬ ಪ್ರಶ್ನೆ ಸಾಮಾನ್ಯವಾಗಿ ಮೋಟಾರಿನಲ್ಲೇ ನಿಂತುಬಿಡುತ್ತದೆ. ಪಂಪಿಗೆ ಕರೆಂಟಿಲ್ಲವಲ್ಲ, ಅದರಿಂದೇನು ಎಂಬ ಭಾವನೆ. ಆದರೆ ಟ್ಯಾಂಕು ಖಾಲಿಯಾದದ್ದು ಗೊತ್ತಾಗದೆ ಪಂಪು ಒಣಗಿಕೊಂಡು ತಿರುಗಿದರೆ ಶಾಫ್ಟಿನ ಸುತ್ತಲಿನ ಮೆಕ್ಯಾನಿಕಲ್ ಸೀಲ್ ನಿಮಿಷಗಳಲ್ಲಿ ಕಾಯುತ್ತದೆ. ಹೊರಹೋಗುವ ವಾಲ್ವು ಮುಚ್ಚಿದ್ದರೆ ಒಳಗಿನ ದ್ರವ ಅಲ್ಲಲ್ಲೇ ಸುತ್ತಿ ಬಿಸಿಯಾಗುತ್ತದೆ. ಬೇರಿಂಗಿಗೆ ಗ್ರೀಸ್ ಕಡಿಮೆಯಾದರೆ ಬಿಸಿ, ಕಪ್ಲಿಂಗಿನ ಮೇಲಿನ ಕಬ್ಬಿಣದ ಗಾರ್ಡು ಬಾಗಿ ತಾಗಿದರೆ ಕಿಡಿ. ಆವಿ ಬರುವುದೂ ಆ ಸೀಲಿನಿಂದಲೇ, ಬೆಂಕಿ ಬರಬಹುದಾದದ್ದೂ ಆ ಸೀಲಿನಿಂದಲೇ. ಯುರೋಪಿನಲ್ಲಿ ಎಟೆಕ್ಸ್ ಎಂಬ ನಿರ್ದೇಶನ 2003ರ ಜುಲೈನಿಂದ ಕಡ್ಡಾಯವಾದಾಗ ಕರೆಂಟಿಲ್ಲದ ಯಂತ್ರಭಾಗಗಳೂ ಈ ಲೆಕ್ಕಕ್ಕೆ ಬಂದವು. ಪಂಪು ಮಾಡುವವರು ಅದು ಎಲ್ಲೆಲ್ಲಿ ಬಿಸಿಯಾಗಬಹುದು, ಎಲ್ಲೆಲ್ಲಿ ಉಜ್ಜಬಹುದು ಎಂದು ಪಟ್ಟಿ ಮಾಡಿ ಉತ್ತರ ಕೊಡಬೇಕಾಯಿತು. ಕಾಕಾ ಆ ನಿರ್ದೇಶನದ ಹೆಸರು ಕೇಳಿದವರಲ್ಲ. ಅವರ ಹತ್ತಿರ ಇದ್ದದ್ದು ಅಂಗೈ. ದಿನಕ್ಕೆರಡು ಸಲ ಬೇರಿಂಗ್ ಮನೆಯ ಮೇಲೆ ಇಟ್ಟು ನೋಡುತ್ತಿದ್ದರು, ತಾಯಿ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

ಹಂಗಾಮು ಮುಗಿಯುತ್ತಾ ಬಂದಿದ್ದ ಒಂದು ರಾತ್ರಿ ಎಥೆನಾಲ್ ತುಂಬಿಸುವ ಪಂಪಿನ ಮೋಟಾರು ಸುಟ್ಟಿತು. ಜೋಡಿ ಪಂಪು ಅದಾಗಲೇ ಬಿಚ್ಚಿಟ್ಟಿತ್ತು, ಅದರ ಸೀಲು ಪುಣೆಯಿಂದ ಬರಬೇಕಿತ್ತು. ಹೊರಗೆ ಆರು ಟ್ಯಾಂಕರುಗಳು ಸಾಲು ನಿಂತಿದ್ದವು. ಡ್ರೈವರುಗಳು ಗೇಟಿನ ಹತ್ತಿರ ಕಂಬಳಿ ಹೊದ್ದು ಕೂತಿದ್ದರು. ನಾನು ಶಿಫ್ಟ್ ಎಂಜಿನಿಯರ್. ಉಗ್ರಾಣದಲ್ಲಿ ಅದೇ ಅಶ್ವಶಕ್ತಿಯ, ಅದೇ ಅಳತೆಯ ಕಾಲುಗಳ ಮೋಟಾರೊಂದು ಇತ್ತು, ನೀರಿನ ಪಂಪಿಗೆಂದು ತರಿಸಿದ್ದ ಸಾದಾ ಮೋಟಾರು. ಬೋಲ್ಟು ಹೊಂದುತ್ತಿತ್ತು, ಕಪ್ಲಿಂಗು ಹೊಂದುತ್ತಿತ್ತು. ಒಂದೂವರೆ ತಾಸಿನ ಕೆಲಸ.

ಮೇಲಿನ ಸಾಹೇಬರು ಫೋನಿನಲ್ಲಿ ಬೈಯಲಿಲ್ಲ. ಮೆತ್ತಗೇ ಮಾತಾಡಿದರು. ಬೈದಿದ್ದರೆ ಇಲ್ಲ ಅನ್ನುವುದು ಸುಲಭವಾಗುತ್ತಿತ್ತು. "ಒಂದ ರಾತ್ರಿ ಮಾತ್ರ. ಬೆಳಿಗ್ಗೆ ಬಿಚ್ಚಿಬಿಡ್ರಿ. ಬಯಲಿನಾಗ ಐತಿ ಪಂಪು, ಗಾಳಿ ಆಡತೈತಿ. ಏನೂ ಆಗೂದಿಲ್ಲ." ನಾನು ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಕಾಕಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಕೂತಲ್ಲಿಂದಲೇ ಹೇಳಿದರು, "ಇದು ಒಂದ ರಾತ್ರಿ ಮೋಟರ್ ಅಂತ ಆವಿಗೆ ಹೆಂಗ ಗೊತ್ತಾಗ್ಬೇಕ್ರೀ ಸಾಹೇಬ್ರ?"

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, ನಿಮ್ಮಿಬ್ಬರಿಗೆ ತಿಳಿದ ಹಾಗೆ ಮಾಡಿ, ಆದರೆ ಬರೆದಿಡಿ ಎಂದರು. ಬರೆದೆ. ಕೆಳಗೆ ಸಹಿ ಹಾಕಿದೆ. ನಾನು ಹಾಕಬೇಡಿ ಎಂದರೂ ಕೇಳದೆ ಕಾಕಾ ತಮ್ಮ ಸಹಿಯನ್ನೂ ದೊಡ್ಡಕ್ಷರಗಳಲ್ಲಿ ಹಾಕಿದರು. ಬೇರೊಂದು ಕಾರ್ಖಾನೆಯಿಂದ ಫ್ಲೇಮ್‌ಪ್ರೂಫ್ ಮೋಟಾರು ಟೆಂಪೊದಲ್ಲಿ ಬರುವಾಗ ಮಾರನೆಯ ದಿನ ಬಿಸಿಲೇರಿತ್ತು. ಮೊದಲ ಟ್ಯಾಂಕರು ಹೊರಟಾಗ ಹದಿನಾಲ್ಕು ತಾಸು ತಡವಾಗಿತ್ತು. ಡ್ರೈವರೊಬ್ಬ ನಮ್ಮನ್ನು ನೋಡಿ ಉಗುಳಿ ಹೋದ. ಅವನ ಮಗಳ ಸೀಮಂತ ಅಂದು ಇತ್ತು ಎಂದು ಆಮೇಲೆ ತಿಳಿಯಿತು. ಅವನ ಸಿಟ್ಟಿಗೂ ಅರ್ಥವಿತ್ತು.

ಏನೂ ಆಗಲಿಲ್ಲ. ಹಂಗಾಮಿನ ವರದಿಯಲ್ಲಿ ಒಂದೇ ಸಾಲು ಬಂತು: ಲೋಡಿಂಗ್ ವಿಳಂಬ 14 ತಾಸು, ಕಾರಣ ಮೆಂಟೆನನ್ಸ್ ವಿಭಾಗ. ಟ್ಯಾಂಕರುಗಳನ್ನು ನಿಲ್ಲಿಸಿಕೊಂಡದ್ದಕ್ಕೆ ಕೊಟ್ಟ ಹಣ ಅದರ ಪಕ್ಕದ ಅಂಕಣದಲ್ಲಿತ್ತು.

ಕೆಲವು ವಾರಗಳ ನಂತರ ಇನ್ನೊಂದು ಸುದ್ದಿ ಬಂತು. ಸ್ವಲ್ಪ ದೂರದ ಒಂದು ಕಡೆ ಇಂಥದೇ ಸಂದರ್ಭದಲ್ಲಿ ಸಾದಾ ಮೋಟಾರು ಹಾಕಿ ಮೂರು ದಿನ ಓಡಿಸಿದ್ದರು. ಅಲ್ಲಿಯೂ ಏನೂ ಆಗಿರಲಿಲ್ಲ. ಮೀಟಿಂಗಿನಲ್ಲಿ ಈ ಮಾತು ಬಂದಾಗ ಎಲ್ಲರೂ ನಮ್ಮ ಕಡೆ ನೋಡಿದರು. ಕಾಕಾ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅವರ ಹತ್ತಿರ ಉತ್ತರವಿರಲಿಲ್ಲ. ಮುಂದಿನ ಹಂಗಾಮಿಗೆ ಗುತ್ತಿಗೆಯವರ ಪಟ್ಟಿ ಬಂದಾಗ ಅವರ ಹೆಸರಿರಲಿಲ್ಲ. ವಯಸ್ಸಾಯಿತು ಎಂದು ಕಾರಣ ಕೊಟ್ಟರು. ವಯಸ್ಸಾಗಿದ್ದೂ ನಿಜವೇ. ಅದಾದ ಎರಡು ವರ್ಷಕ್ಕೆ ನಾನೂ ಆ ಕೆಲಸ ಬಿಟ್ಟು ಬೇರೆ ಡಿಸ್ಟಿಲರಿಗೆ ಹೋದೆ.

ಆ ಮೀಟಿಂಗಿನಲ್ಲಿ ಎದ್ದ ಪ್ರಶ್ನೆಯನ್ನು ಮಾತ್ರ ಬಿಡಲಾಗಲಿಲ್ಲ. ಅದು ಪ್ರಾಮಾಣಿಕವಾದ ಪ್ರಶ್ನೆ. ನಿಯಮ ಪಾಲಿಸಿದವರಿಗೂ ಏನೂ ಆಗಲಿಲ್ಲ, ಮುರಿದವರಿಗೂ ಏನೂ ಆಗಲಿಲ್ಲ. ಹಾಗಾದರೆ ಹದಿನಾಲ್ಕು ತಾಸು ಕೊಟ್ಟು ನಾವು ಕೊಂಡದ್ದೇನು?

ಯಂತ್ರದ ಲೆಕ್ಕದಲ್ಲಿ ಉತ್ತರ ಹೀಗೆ. ಸಾದಾ ಇಂಡಕ್ಷನ್ ಮೋಟಾರು ಸುಸ್ಥಿತಿಯಲ್ಲಿ ತಿರುಗುವಾಗ ಕಿಡಿ ಹಾರಿಸುವುದೇ ಇಲ್ಲ. ಟರ್ಮಿನಲ್ ಸಡಿಲವಾದಾಗ, ಸುರುಳಿಯ ನಿರೋಧಕ ಸುಟ್ಟಾಗ, ಬೇರಿಂಗ್ ಜಾಮ್ ಆದಾಗ, ಹಿಂದಿನ ಫ್ಯಾನು ಕವಚಕ್ಕೆ ಉಜ್ಜಿದಾಗ ಮಾತ್ರ ಅದು ಅಪಾಯ. ಪಂಪಿನ ಸೀಲೂ ದಿನವೂ ಸೋರುವುದಿಲ್ಲ. ಸೋರಿದರೂ ಗಾಳಿ ಬೀಸುತ್ತಿದ್ದರೆ ಆವಿ ಶೇ. 3.3 ಮುಟ್ಟುವುದಿಲ್ಲ. ಎರಡೂ ಕೆಡುಕುಗಳು ಒಂದೇ ನಿಮಿಷದಲ್ಲಿ, ಒಂದೇ ಜಾಗದಲ್ಲಿ, ಗಾಳಿಯಿಲ್ಲದ ಹೊತ್ತಿನಲ್ಲಿ ಭೇಟಿಯಾಗಬೇಕು. ಹಾಗಾಗಿ ನಿಯಮ ಮುರಿದವರಿಗೆ ಬಹುತೇಕ ಸಲ ಏನೂ ಆಗುವುದಿಲ್ಲ. ಇದು ನಿಯಮದ ಸೋಲಲ್ಲ, ಅಪಾಯದ ಸ್ವಭಾವ. ಆದರೆ ಏನೂ ಆಗದ ಪ್ರತಿ ಸಲವೂ ಮುಂದಿನ ಸಲ ಮುರಿಯಲು ಧೈರ್ಯ ಕೊಡುತ್ತದೆ. ಒಂದು ರಾತ್ರಿ ಮೂರು ದಿನವಾಗುತ್ತದೆ, ಮೂರು ದಿನ ಒಂದು ಹಂಗಾಮಾಗುತ್ತದೆ. ಕೊನೆಗೆ ಆ ಸಾದಾ ಮೋಟಾರು ಸಾದಾ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಎರಡೂ ಕಡೆಯ 'ಏನೂ ಆಗಲಿಲ್ಲ' ಕಾಗದದ ಮೇಲೆ ಒಂದೇ ಥರ ಕಾಣುತ್ತದೆ. ಒಂದು ಕಡೆ ಆವಿ ಬಂದಿದ್ದರೂ ಏನೂ ಆಗುತ್ತಿರಲಿಲ್ಲ. ಇನ್ನೊಂದು ಕಡೆ ಆವಿ ಬರಲಿಲ್ಲ, ಅಷ್ಟೆ.

ಪೈಪರ್ ಆಲ್ಫಾದ ಬಗ್ಗೆ ನಾನು ಓದಿದ್ದು ಕಾಕಾ ಹೋದ ಮೇಲೆ. ಸ್ಕಾಟ್ಲೆಂಡಿನ ಆಬರ್ಡೀನ್‌ನಿಂದ ದೂರದ ಉತ್ತರ ಸಮುದ್ರದಲ್ಲಿದ್ದ ತೈಲ ವೇದಿಕೆ ಅದು. ಅಲ್ಲಿ ಹಗುರ ಹೈಡ್ರೋಕಾರ್ಬನ್ ದ್ರವವನ್ನು ತಳ್ಳುವ ಎರಡು ಪಂಪುಗಳಿದ್ದವು. 1988ರ ಜುಲೈ 6ರಂದು ಒಂದನ್ನು ದುರಸ್ತಿಗೆಂದು ನಿಲ್ಲಿಸಿದ್ದರು. ಅದರ ಸುರಕ್ಷತಾ ವಾಲ್ವನ್ನು ಬೇರೆ ತಂಡ ಬಿಚ್ಚಿ ಒಯ್ದಿತ್ತು, ತೆರೆದ ಬಾಯಿಗೆ ತಾತ್ಕಾಲಿಕವಾಗಿ ಒಂದು ತಟ್ಟೆ ಮುಚ್ಚಿತ್ತು. ಎರಡು ಕೆಲಸಗಳಿಗೆ ಎರಡು ಬೇರೆ ಬೇರೆ ಪರವಾನಗಿ ಕಾಗದಗಳು. ರಾತ್ರಿ ಓಡುತ್ತಿದ್ದ ಪಂಪು ನಿಂತುಹೋಯಿತು, ಮತ್ತೆ ಶುರುವಾಗಲಿಲ್ಲ. ರಾತ್ರಿ ಪಾಳಿಯವರಿಗೆ ಪಂಪಿನ ದುರಸ್ತಿಯ ವಿಷಯ ಗೊತ್ತಿತ್ತು, ದುರಸ್ತಿ ಇನ್ನೂ ಶುರುವಾಗಿಲ್ಲವಾದ್ದರಿಂದ ಅದನ್ನು ಓಡಿಸಬಹುದು ಎಂದುಕೊಂಡರು. ವಾಲ್ವು ಇಲ್ಲದಿರುವುದು ಅವರಿಗೆ ತಿಳಿದಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಸೋರಿಕೆ, ಸ್ಫೋಟ, ಆಮೇಲೆ ಇಡೀ ವೇದಿಕೆಗೆ ಬೆಂಕಿ. 167 ಜನ ಸತ್ತರು. ವಿಚಾರಣೆ ನಡೆಸಿದ ಲಾರ್ಡ್ ಕಲನ್ 1990ರಲ್ಲಿ ಕೊಟ್ಟ ವರದಿಯಲ್ಲಿ 106 ಶಿಫಾರಸುಗಳಿದ್ದವು.

ಆ ರಾತ್ರಿ ಪಾಳಿಯವರನ್ನು ನಾನು ಸುಲಭವಾಗಿ ಕಲ್ಪಿಸಿಕೊಳ್ಳಬಲ್ಲೆ. ನಿಂತ ಪಂಪು, ಇಳಿಯುತ್ತಿರುವ ಉತ್ಪಾದನೆ, ಪಕ್ಕದಲ್ಲೇ ಇರುವ ಜೋಡಿ ಪಂಪು. ಕೆಟ್ಟವರಲ್ಲ ಅವರು, ಕೆಲಸ ನಿಲ್ಲಬಾರದು ಎಂದುಕೊಂಡವರು.

ಇನ್ನೊಂದು ಘಟನೆ ನನ್ನನ್ನು ಹೆಚ್ಚು ಕಾಡುವುದು, ಅದು ನೀರಿನ ಪಂಪಿನದು ಎಂಬ ಕಾರಣಕ್ಕೆ. 1984ರ ಮೇ 23ರ ಸಂಜೆ, ಇಂಗ್ಲೆಂಡಿನ ಲ್ಯಾಂಕಶೈರಿನ ಆಬಿಸ್ಟೆಡ್. ಒಂದು ನದಿಯ ನೀರನ್ನು ಸುರಂಗದಲ್ಲಿ ಇನ್ನೊಂದು ನದಿಗೆ ತಳ್ಳುವ ಯೋಜನೆಯಿತ್ತು. ಇದರಿಂದ ತಮ್ಮೂರಿಗೆ ನೆರೆ ಬರುತ್ತದೆಯೇ ಎಂದು ಕೆಳದಂಡೆಯ ಹಳ್ಳಿಯವರಿಗೆ ಆತಂಕ. ಅವರ ಭಯ ಹೋಗಲಾಡಿಸಲು ಜಲಮಂಡಳಿಯವರು ನೆಲದಡಿಯ ವಾಲ್ವು ಮನೆಗೆ ಕರೆದು ತೋರಿಸಲು ಏರ್ಪಾಡು ಮಾಡಿದರು. ಒಟ್ಟು 44 ಜನ ಸೇರಿದ್ದರು. ನೀರು ಬರುವುದನ್ನು ತೋರಿಸಲು ಪಂಪುಗಳನ್ನು ಶುರುಮಾಡಿದರು. ಆದರೆ ಸುರಂಗ 17 ದಿನಗಳಿಂದ ಓಡಿರಲಿಲ್ಲ. ಆಳದ ಬಂಡೆಗಳಿಂದ ಜಿನುಗಿದ ನೀರಿನ ಜೊತೆ ಬಂದ ಮೀಥೇನ್ ಅದರ ಖಾಲಿ ಜಾಗದಲ್ಲಿ ತುಂಬಿಕೊಂಡಿತ್ತು. ಹೊಸ ನೀರು ಅದನ್ನು ಜನ ನಿಂತಿದ್ದ ಕೋಣೆಗೆ ತಳ್ಳಿತು. ಸ್ಫೋಟದಲ್ಲಿ 16 ಜನ ಸತ್ತರು. ಕಿಡಿ ಎಲ್ಲಿಂದ ಬಂತು ಎಂಬುದು ಕೊನೆಗೂ ಖಚಿತವಾಗಲಿಲ್ಲ. ಇಷ್ಟು ಹೊತ್ತು ನಾನು ಹೇಳಿದ ಯಾವ ಅಕ್ಷರವೂ ಆ ಕೋಣೆಗೆ ಅನ್ವಯಿಸಿರಲಿಲ್ಲ, ಯಾಕೆಂದರೆ ಅದನ್ನು ಯಾರೂ ಸ್ಫೋಟದ ಜಾಗ ಎಂದು ಎಣಿಸಿರಲೇ ಇಲ್ಲ. ಬೋಲ್ಟು ಎಣಿಸುವ ಮೊದಲು ಜಾಗವನ್ನು ಎಣಿಸಬೇಕು.

ನಮ್ಮಲ್ಲೇ, ಜೈಪುರದ ಸೀತಾಪುರದ ತೈಲ ಡಿಪೊದಲ್ಲಿ, 2009ರ ಅಕ್ಟೋಬರ್ 29ರ ಸಂಜೆ ಆದದ್ದು ಇದಕ್ಕೆ ಇನ್ನೊಂದು ಮುಖ. ಪಕ್ಕದ ಡಿಪೊಗೆ ಪೆಟ್ರೋಲ್ ಕಳುಹಿಸಲು ಪೈಪು ಸಜ್ಜುಮಾಡುವಾಗ ಸೋರಿಕೆ ಶುರುವಾಗಿ ಒಂದು ತಾಸಿಗೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆವಿ ಮೋಡದಂತೆ ಆವರಣದ ತುಂಬ ಹರಡಿತು. ಸ್ಫೋಟಕ್ಕೆ 11 ಜನ ಬಲಿಯಾದರು. ತನಿಖಾ ಸಮಿತಿ ಹೇಳಿದ ಸಂಭವನೀಯ ಕಿಡಿಯ ಮೂಲಗಳಲ್ಲಿ ಒಂದು, ಆಡಳಿತ ಕಚೇರಿಯ ಕಡೆಯ ಫ್ಲೇಮ್‌ಪ್ರೂಫ್ ಅಲ್ಲದ ವಿದ್ಯುತ್ ಸಾಧನ. ಇನ್ನೊಂದು, ಆವರಣದಲ್ಲಿ ಯಾರೋ ಶುರುಮಾಡಿದ ವಾಹನ. ಕಚೇರಿಯಲ್ಲಿ ಸಾದಾ ಸ್ವಿಚ್ಚು ಇರುವುದು ನಿಯಮಕ್ಕೆ ವಿರುದ್ಧವೇನಲ್ಲ, ಅದು ಗೆರೆಯ ಹೊರಗಿನ ಜಾಗ. ಆದರೆ ಆವಿ ನಕ್ಷೆ ಓದುವುದಿಲ್ಲ. ಸೋರಿಕೆ ದೊಡ್ಡದಾದರೆ ಯಾವ ಪಂಪಿನ ಯಾವ ಫಲಕವೂ ಕಾಪಾಡುವುದಿಲ್ಲ. ನಿಯಮದ ಮಿತಿಯನ್ನೂ ತಿಳಿದಿರಬೇಕು, ಇಲ್ಲದಿದ್ದರೆ ಫಲಕ ತಾಯತವಾಗಿಬಿಡುತ್ತದೆ.

ಹೋದ ವರ್ಷ ಕಾಕಾನ ಊರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ರೈತರ ಪಂಪ್‌ಸೆಟ್ಟು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾರೆ. ನೊರೆ ಚಹಾ ತರಿಸಿದರು. ಹಳೆಯ ಬಾವಿಗೆ ಇಳಿದು ಪಂಪು ಬಿಚ್ಚುವ ಮೊದಲು ಈಗಲೂ ಕಂದೀಲು ಇಳಿಬಿಟ್ಟು ನೋಡುತ್ತೀರಾ ಎಂದು ಕೇಳಿದೆ. ಅವರ ಅಪ್ಪನ ಕಾಲದ ಪದ್ಧತಿ ಅದು: ದೀಪ ಆರಿದರೆ ಕೆಳಗೆ ಉಸಿರಾಡುವ ಗಾಳಿಯಿಲ್ಲ ಎಂದರ್ಥ. ಕಾಕಾ ತಲೆಯಾಡಿಸಿದರು. "ದೀಪ ಆರಲಿಲ್ಲಂದ್ರ ಎಲ್ಲಾ ಬರೋಬರಿ ಐತಿ ಅಂತಲ್ರೀ. ಡೀಸಲ್ ಎಂಜಿನ್ ಹೊಗಿ ಇದ್ರ ದೀಪ ಉರೀತನ ಇರತೈತಿ, ಇಳದಾಂವ ಮ್ಯಾಲ ಬರೂದಿಲ್ಲ. ಸುಡು ಗ್ಯಾಸ್ ಇದ್ರ ಆ ದೀಪನ ಕೊಲ್ಲತೈತಿ." ಈಗ ಅವರು ಬ್ಲೋವರ್ ಹಚ್ಚಿ ಗಾಳಿ ಊದಿಸುತ್ತಾರೆ, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ, ಮೇಲೆ ಇಬ್ಬರನ್ನು ನಿಲ್ಲಿಸುತ್ತಾರೆ. ಗಿರಾಕಿಗಳು ತಡವಾಗುತ್ತದೆ ಎಂದು ಗೊಣಗುತ್ತಾರಂತೆ. ಪಕ್ಕದೂರಿನವನು ಇಷ್ಟು ಸೋಗು ಮಾಡುವುದಿಲ್ಲ ಎನ್ನುತ್ತಾರಂತೆ. ಹೇಳುತ್ತಾ ಅವರು ನಕ್ಕರು. ನನಗೆ ಮೀಟಿಂಗಿನ ದಿನ ನೆನಪಾಯಿತು. ಅವರಿಗೂ ಆಗಿರಬೇಕು, ಆ ಮಾತು ಇಬ್ಬರೂ ಎತ್ತಲಿಲ್ಲ.

ನನ್ನ ಈಗಿನ ಕೆಲಸದ ಒಂದು ವಿಷಯ ಮಾತ್ರ ಹೇಳಿದೆ. ಪಾಳಿಯ ಪುಸ್ತಕದಲ್ಲಿ ನಾವು ಮಾಡಿದ ಕೆಲಸ ಬರೆಯುತ್ತೇವೆ: ಸೀಲು ಬದಲಿಸಿದೆವು, ಗ್ರೀಸ್ ಹಾಕಿದೆವು. ಮಾಡದೇ ಬಿಟ್ಟದ್ದಕ್ಕೆ ಅಂಕಣವಿಲ್ಲ. ಹಾಗಾಗಿ ನಾನು ಷರಾ ಅಂಕಣದಲ್ಲೇ ಬರೆಯತೊಡಗಿದ್ದೇನೆ. ಫ್ಲೇಮ್‌ಪ್ರೂಫ್ ಅಲ್ಲದ ಮೋಟಾರು ಹಾಕಲಿಲ್ಲ. ಎಂಟನೇ ಬೋಲ್ಟು ಸಿಗುವವರೆಗೆ ಕರೆಂಟು ಕೊಡಲಿಲ್ಲ. ಟ್ಯಾಂಕಿನ ಮಟ್ಟ ತೋರಿಸುವ ಮೀಟರು ಕೆಟ್ಟಿದ್ದರಿಂದ ಪಂಪು ಶುರುಮಾಡಲಿಲ್ಲ. ಆಡಿಟ್‌ಗೆ ಬಂದವರೊಬ್ಬರು, ಮಾಡದ ಕೆಲಸವನ್ನು ಯಾಕೆ ಬರೆಯುತ್ತೀರಿ ಎಂದು ಕೇಳಿದ್ದರು. ಅದಕ್ಕೂ ಆಳು ಬೇಕಾಯಿತು, ಹೊತ್ತು ಬೇಕಾಯಿತು ಎಂದಿದ್ದೆ.

ಕಾಕಾ ಚಹಾದ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು.

"ಬರೀರಿ," ಎಂದರು. "ಖರೆ ಎಷ್ಟ ತಾಸು ತಡಾ ಆತು, ಎಷ್ಟ ರೊಕ್ಕ ಹೋತು, ಅದನ್ನೂ ಬಾಜೂಕ ಬರೀರಿ. ಮುಚ್ಚಿಡಬ್ಯಾಡ್ರಿ. ಪುಕ್ಕಟೆ ಅನ್ನೂಹಂಗ ಬರದ್ರ ನಾಳೆ ಯಾರೂ ನಂಬೂದಿಲ್ಲ."